ಸುದ್ದಿಯ ನಡುವೆ ಇಂಗು

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಶ್ಚಾತ್ತಾಪಪಡುತ್ತೇನೆಂದು ಮಾತ್ರ ಯಾರೂ ಕಾಯುತ್ತ ಕೂರಬೇಡಿ. ಇನ್ನೊಬ್ಬರ ಧ್ವನಿ ಕಿವಿಗೆ ಬಿದ್ದರೆ ಸಾಕು, ಅದು ನನ್ನ ಗಂಟಲಿಗೆ ಬಂದು ಮನೆ ಮಾಡಿಬಿಡುತ್ತದೆ. ನಮ್ಮ ಮ್ಯಾನೇಜರನ ಕೆಮ್ಮು, ಭಾವ ಆಫೀಸಿನ ಫೋನು ಬಂದಾಗ ಮಾತ್ರ ಮೂಗಿನಿಂದ ಆಡುವ ಇಂಗ್ಲಿಷು, ಲಿವರ್‌ಮೋರಿನ ದೇವಸ್ಥಾನದಲ್ಲಿ ಪಾರ್ಕಿಂಗ್ ತೋರಿಸುವವರ ಗದರಿಕೆ, ಎಲ್ಲವೂ ನನ್ನಲ್ಲಿ ಸ್ಟಾಕಿದೆ. ಒಮ್ಮೆ ಕಾಫಿಗೆಂದು ಜೊತೆಗೆ ಬಂದ ಹುಡುಗಿಯೊಬ್ಬಳು ಎಲ್ಲವನ್ನೂ ಕೇಳಿ ನಕ್ಕು, "ಈಗ ನಿಮ್ಮದೇ ಧ್ವನಿಯಲ್ಲಿ ಏನಾದ್ರೂ ಹೇಳಿ" ಎಂದಳು. ನಾನು ಬಿಲ್ಲು ಕೇಳಿದೆ. ಅದೂ ವೇಟರನ ಧ್ವನಿಯಲ್ಲಿ.

ನನ್ನ ಸ್ಟಾಕಿನಲ್ಲೇ ಅತ್ಯುತ್ತಮ ಮಾಲೆಂದರೆ ಸುಮತಿ ಅತ್ತೆ. ಅಮೆರಿಕದ ಈ ಫಾಸ್ಟರ್ ಸಿಟಿಯಲ್ಲಿ ನಾನಿರುವುದು ಅಕ್ಕನ ಮನೆಯಲ್ಲಿ. ಅಕ್ಕನ ಅತ್ತೆ ನನಗೂ ಅತ್ತೆಯೇ. ಹುಬ್ಬಳ್ಳಿಯವರು. ಅರವತ್ತರ ದಶಕದಲ್ಲಿ ಮದುವೆಯಾದ ಹೊಸದರಲ್ಲಿ ಡಾಕ್ಟರ್ ಗಂಡನ ಜೊತೆ ಇಂಗ್ಲೆಂಡಿನ ಯಾವುದೋ ಸಣ್ಣ ಊರಿನಲ್ಲಿದ್ದವರು. ನಾವು ಸೋಫಾದಲ್ಲಿ ಬಿದ್ದುಕೊಂಡು ಏನು ನೋಡಬೇಕೆಂದು ಮುಕ್ಕಾಲು ಗಂಟೆ ಹುಡುಕುವುದನ್ನು ಕಂಡಾಗಲೆಲ್ಲ ಅವರಿಗೆ ಆ ಕಾಲದ ಟೀವಿ ನೆನಪಾಗುತ್ತದೆ.

"ಮುಂಜಾನೆ ಸಾಲಿ ಹುಡುಗರ ಪಾಠ. ಆಮ್ಯಾಲೆ ಏನೂ ಇಲ್ಲದಾಗ ಒಂದು ನಿಂತ ಚಿತ್ರ ಹಚ್ಚಿ ಬಾಜಾ ಬಾರಿಸ್ತಿದ್ರು. ತಾಸುಗಟ್ಲೆ ಅದ ಚಿತ್ರ! ಸಂಜಿಗೆ ಹುಡುಗರ ಆಟ, ಆಮ್ಯಾಲೆ ಸುದ್ದಿ. ಕಡೀಕ ರಾಣಿ ಹಾಡು ಹಾಕಿ, ಇನ್ನ ಬಂದ್ ಮಾಡ್ರಿ ಅಂತಿದ್ರು. ಆಯ್ತವಾರ ನಮ್ಮಂದಿ ಸಲುವಾಗಿ ಹಿಂದ್ಯಾಗ ಇಂಗ್ಲೀಷ್ ಕಲಸ್ತಿದ್ರು. ನನಗ ಎರಡೂ ಬರ್ತಿರಲಿಲ್ಲ!"

ಮನೆಯ ಒಡತಿ ಮಹಡಿಯ ಮೇಲಿದ್ದಳಂತೆ. ಅವಳಿಗೆ ಟೀವಿ ಇರಲಿಲ್ಲ, ಇವರ ಮನೆಗೇ ಬಂದು ನೋಡುತ್ತಿದ್ದಳು. ಒಗ್ಗರಣೆ ವಾಸನೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಹಾಗಾಗಿ ಅತ್ತೆ ಟೀವಿಯಲ್ಲಿ ಆ ನಿಂತ ಚಿತ್ರ ಬಂದಾಗ, ಒಡತಿ ಮೇಲೆ ಹೋದಾಗ, ಕದ್ದು ಒಗ್ಗರಣೆ ಹಾಕುತ್ತಿದ್ದರು. ಒಂದು ದಿನ ಆಕೆ ಅದಕ್ಕೂ ಇಳಿದು ಬಂದು ಮೂಗು ಮುರಿದಳು. ಮರುದಿನ ಅತ್ತೆ ಸುದ್ದಿ ಶುರುವಾಗುವವರೆಗೆ ಕಾದು, ಒಡತಿ ಕುರ್ಚಿಯಲ್ಲಿ ಕೂತದ್ದನ್ನು ನೋಡಿಕೊಂಡೇ ಇಂಗು ಹಾಕಿದರು. "ಕುಂತ್ರ ಕೂಡ್ಲಿ, ಎದ್ರ ಏಳ್ಲಿ. ಟೀವಿ ನಮ್ದು, ಇಂಗೂ ನಮ್ದು!" ಒಡತಿ ಏಳಲಿಲ್ಲ. ಸೀನುತ್ತ ಸುದ್ದಿ ಪೂರ್ತಿ ನೋಡಿದಳು.

ಇದನ್ನು ನಾನು ದೇವಸ್ಥಾನದಲ್ಲಿ ಊಟದ ಹೊತ್ತಿಗೆ ಒಡತಿಯ ಸೀನಿನ ಸಮೇತ ಮಾಡಿ ತೋರಿಸಿದೆ. ಇಡೀ ಟೇಬಲ್ಲಿನವರು ಪುಳಿಯೋಗರೆ ನೆತ್ತಿಗೆ ಹತ್ತುವಷ್ಟು ನಕ್ಕರು. ಅತ್ತೆಯೂ ನಕ್ಕರು. ಆಮೇಲೆ ಕೈ ಒರೆಸಿಕೊಳ್ಳುತ್ತ, "ಭಾಳ ಚಂದ ಮಾಡ್ತಿ ತಮ್ಮಾ. ಒಂದು ದಿನ ನೀನೂ ಆ ಕಾಲದ ಟೀವಿ ಅಷ್ಟ ನೋಡಿ ಹಂಗ ಇದ್ದು ತೋರ್ಸು ನೋಡೋಣು. ಫೋನೂ ಟೀವಿನ ಮತ್ತ, ಅದನ್ನೂ ಮುಟ್ಟಬಾರ್ದು. ಸೋತ್ರ ಸಂಕ್ರಾಂತಿ ಕಾರ್ಯಕ್ರಮದಾಗ ನನ್ನ ಧ್ವನಿ ತಗೀಬಾರ್ದು" ಎಂದರು. ಕನ್ನಡ ಸಂಘದವರು ನನಗೆ ಕೊಟ್ಟಿದ್ದು ಹತ್ತು ನಿಮಿಷ. ಅದರಲ್ಲಿ ಒಂಬತ್ತು ಅತ್ತೆಯದೇ. ಬುದ್ಧಿ ಇದ್ದವನು ಅಲ್ಲೇ ಕೈ ಮುಗಿಯುತ್ತಿದ್ದ. ನಾನು ಎದೆ ಸೆಟೆಸಿ, "ಒಂದು ದಿನ ಯಾಕೆ ಅತ್ತೆ, ಒಂದು ವಾರ ಇರ್ತೀನಿ!" ಎಂದೆ.

"ಒಂದು ದಿನ ಸಾಕು. ಬರೂ ಆಯ್ತವಾರ."

ಆ ಭಾನುವಾರವೇ ಆಸ್ಟ್ರೇಲಿಯಾದಲ್ಲಿ ನಮ್ಮವರ ಕ್ರಿಕೆಟ್ಟು, ನಮ್ಮ ಗಡಿಯಾರಕ್ಕೆ ಮಧ್ಯಾಹ್ನ ಶುರು ಎಂಬುದು ಮನೆಗೆ ಬರುವಾಗ ಫ್ರೀವೇಯಲ್ಲಿ ನೆನಪಾಯಿತು. ಹಿಂದೆ ಸರಿಯಲಿಲ್ಲ. ಫ್ರೀವೇಯಲ್ಲಿ ಯಾರೂ ಹಿಂದೆ ಸರಿಯುವುದಿಲ್ಲ.

ಭಾನುವಾರ ಬೆಳಿಗ್ಗೆ ಹಳೇ ಕ್ಯಾಲೆಂಡರಿನ ಬೆನ್ನಿಗೆ ಅತ್ತೆ ಬರೆದ ವೇಳಾಪಟ್ಟಿ ಫ್ರಿಜ್ಜಿನ ಮೇಲೆ ಏರಿತು. ಎಂಟು ವರ್ಷದ ಸೊಸೆ ಅನಿಕಾ, ಅಂದರೆ ಅಕ್ಕನ ಮಗಳು, ಆ ನಿಂತ ಚಿತ್ರದ ಬದಲಿಗೆಂದು ಬಾಯಿ ಅಗಲಿಸಿದ ನನ್ನ ಚಿತ್ರ ಬರೆದು ಟೀವಿಗೆ ಅಂಟಿಸಿದಳು. "ಮಾಮಾ, ದಿಸ್ ಈಸ್ ಯೂ. ಕೀಪ್ ವಾಚಿಂಗ್." ಹಠ ಹಿಡಿದು ಅದರೆದುರು ಕೂತೆ. ಹಾದುಹೋದ ಭಾವ, "ಏನೋ, ಕನ್ನಡಿ ತಂದ್ಯಾ?" ಎಂದರು. ನನ್ನ ಮುಖವನ್ನು ನಾನೇ ಎರಡು ಗಂಟೆ ನೋಡಿದ್ದು ಅದೇ ಮೊದಲು. ಚಾನೆಲ್ ಬದಲಿಸಬೇಕೆನಿಸಿತು.

ನಾಲ್ಕು ಗಂಟೆಗೆ ಹೊಟ್ಟೆ ಸರಿಯಿಲ್ಲವೆಂದು ಎದ್ದೆ. ಫೋನು ಟವಲಿನೊಳಗಿತ್ತು. ಬಾತ್‌ರೂಮಿನಲ್ಲಿ ಐದೇ ಐದು ನಿಮಿಷ; ದೇವರಾಣೆ, ಸ್ಕೋರು ಮಾತ್ರ.

ಐದಕ್ಕೆ ಮಕ್ಕಳ ಕಾರ್ಯಕ್ರಮ: ಅನಿಕಾ ಕೈಗೆ ಕಾಲುಚೀಲ ಹಾಕಿಕೊಂಡು ಬೊಂಬೆಯಾಟ ಆಡಿದಳು. ಆರಕ್ಕೆ ಸುದ್ದಿ. ಅದು ನನ್ನ ಪಾಲಿನದು. ಗ್ರೋಸರಿ ಬಂದ ರಟ್ಟಿನ ಡಬ್ಬ ಕತ್ತರಿಸಿ ಟೀವಿ ಮಾಡಿ, ಭಾವನ ಟೈ ಕಟ್ಟಿಕೊಂಡು, ಅದರ ಹಿಂದೆ ನೆಟ್ಟಗೆ ಕೂತು ಇಂಗ್ಲೆಂಡಿನ ಗಂಭೀರ ಕಂಠದಲ್ಲಿ ಶುರುಮಾಡಿದೆ. ಓಕ್ಲ್ಯಾಂಡ್ ಬಂದರಿಗೆ ಹಡಗು ಬಂದಿದೆ. ಅಕ್ಕನಿಗೆ ನೆಗಡಿಯಾಗಿದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಎಣ್ಣೆ ಕಾಯ್ದು, ಬೇಕೆಂದೇ, ಇಂಗು ಬಿತ್ತು. ಮೂಗು ಉರಿಯಿತು, ಕಣ್ಣಲ್ಲಿ ನೀರು ಬಂತು. ಒಡತಿಯೇ ಏಳಲಿಲ್ಲ, ನಾನು ಏಳುತ್ತೇನೆಯೇ? ಧ್ವನಿಯನ್ನು ಇನ್ನೂ ಏರಿಸಿ, "ಭಾರತ, ಮೂರು ವಿಕೆಟ್ಟಿಗೆ ನಲವತ್ತೊಂದು" ಎಂದೆ.

ಕಾಲುಚೀಲ ಹಾಕಿದ ಕೈಯೊಂದು ಮೇಲೆದ್ದಿತು.

"ಮಾಮಾ, ವೇಟ್," ಎಂದಳು ಅನಿಕಾ. "ಹೌ ಡು ಯೂ ನೋ?"

ಅತ್ತೆ ಸೌಟು ಹಿಡಿದೇ ಹೊರಗೆ ಬಂದರು. ನಾನು ಡಬ್ಬದೊಳಗಿಂದಲೇ ವಾದಿಸಿದೆ. "ಸುದ್ದಿ ಓದೋನಿಗೆ ಸುದ್ದಿ ಗೊತ್ತಿರಬಾರ್ದಾ ಅತ್ತೆ?"

"ಇರ್ಲಿ ತಮ್ಮಾ. ಆದ್ರ ಸಂಡಾಸದಾಗ ಕುಂತು ಸುದ್ದಿ ತರೋವನ್ನ ನಾ ಇಂಗ್ಲೆಂಡಿನ್ಯಾಗೂ ನೋಡಿರ್ಲಿಲ್ಲ."

ಅಕ್ಕ ನೆಗಡಿಯಲ್ಲೇ ನಕ್ಕಳು. ನಾನು ಜಗ್ಗಲಿಲ್ಲ. ಐದು ನಿಮಿಷಕ್ಕೆ ಇಡೀ ದಿನ ಸೋತಂತೆ ಲೆಕ್ಕವೇ ಎಂದೆ. ಬೇಕಿದ್ದರೆ ನಾಳೆಯೂ ನನ್ನ ಮುಖ ನೋಡುತ್ತ ಕೂರುತ್ತೇನೆ ಎಂದೆ. ಯಾವುದೂ ನಾಟಲಿಲ್ಲ. ಕೊನೆಗೆ ಟೈ ಸಡಿಲಿಸಿ, "ಹೋಗ್ಲಿ, ಸಂಕ್ರಾಂತಿಗೆ ಆ ಒಂಬತ್ತು ನಿಮಿಷ ಸ್ಟೇಜಿನ ಮೇಲೆ ನಾನೇನು ಮಾಡ್ಲಿ? ನಿಮ್ಮ ಧ್ವನಿ ಇಲ್ದಿದ್ರೆ ಅಲ್ಲಿ ಯಾರ ಧ್ವನಿಯಲ್ಲಿ ಮಾತಾಡ್ಲಿ ಅತ್ತೆ?" ಎಂದು ಕೇಳಿದೆ.

ಅತ್ತೆ ಸೌಟಿನಿಂದ ಟೀವಿಯ ಮೇಲಿನ ಆ ಅಗಲ ಬಾಯಿಯ ಚಿತ್ರ ತೋರಿಸಿ ಹೇಳಿದರು: "ನನ್ನ ಧ್ವನಿ ನಾ ತರ್ತೇನಿ ತಮ್ಮಾ. ನೀ ನಿಂದು ತಗೊಂಡು ಬಾ, ಎಲ್ಲ್ಯರ ಸಿಕ್ರ."