ರೇವಣ್ಣನ ಹಾಡು ಅಚ್ಚಿಗೆ ಹೋದದ್ದು

ನ್ಯಾಮತಿಯ ದರ್ಜಿ ರೇವಣ್ಣನಿಗೆ ಹುಬ್ಬಳ್ಳಿಯ ಪುಸ್ತಕ ಪ್ರಕಾಶಕರಿಂದ ಬಂದ ಕಾರ್ಡು ಅವನ ಕೈ ಸೇರುವ ಮೊದಲು ಇಡೀ ಪೇಟೆಯ ಬಾಯಿ ಸೇರಿತ್ತು. ಲಕೋಟೆಗೆ ಹಾಕದ ಪ್ರಕಾಶಕರದು ತಪ್ಪೋ, ಓದು ಬರುವ ಅಂಚೆಯವನನ್ನು ಇಟ್ಟುಕೊಂಡ ಸರ್ಕಾರದ್ದು ತಪ್ಪೋ, ಹೇಳುವುದು ಕಷ್ಟ.

“ಓದ್ಲೇನು?” ಎಂದ ಅಂಚೆ ಹಾಲೇಶಪ್ಪ, ಅಂಗಡಿಯ ಮೆಟ್ಟಿಲ ಮೇಲೆ ಕೂತು.

“ನನಗೂ ಓದಾಕೆ ಬರ್ತೈತೆ, ಕೊಡಪ್ಪ.”

“ಬಾಯಿಪಾಠ ಆಗೈತೆ, ಕಾರ್ಡ್ ಯಾಕೆ? ‘ನಿಮ್ಮ ಕಾಗದಗಳೆಲ್ಲ ತಲುಪಿದವು. ಇನ್ನು ಬರೆಯಬೇಡಿ. ನಿಮ್ಮ ಹಾಡು ಜನ ಹಾಡುವಂಥದ್ದಾದರೆ ಮಾತ್ರ ಅಚ್ಚು ಹಾಕುತ್ತೇವೆ. ಸೋಮವಾರ ಶಿವಮೊಗ್ಗಕ್ಕೆ ಹೋಗುವಾಗ ಇಳಿದು ಕೇಳುತ್ತೇವೆ.’ ಇವತ್ತೇ ಸೋಮವಾರ.”

ರೇವಣ್ಣನ ಕತ್ತರಿ ಗೌಡರ ಕೋಟಿನ ತೋಳನ್ನು ಗುರುತಿಗಿಂತ ಗೇಣು ಮೇಲೆ ಕತ್ತರಿಸಿತು. ಹಾಡಿನ ಕೆಳಗೆ ತನ್ನ ಹೆಸರು ಅಚ್ಚಾಗಬೇಕೆಂಬುದೊಂದೇ ಅವನ ಆಸೆ. ಹುಬ್ಬಳ್ಳಿಗೆ ಬರೆದೂ ಬರೆದೂ ಬೆರಳಿನ ಸೂಜಿಗಾಯಕ್ಕೆ ಮಸಿ ಇಳಿದು ಹಚ್ಚೆ ಹುಯ್ಯಿಸಿಕೊಂಡಂತಾಗಿತ್ತು.

ಹಾಡೇನೋ ಜನಕ್ಕೆ ಬರುತ್ತಿತ್ತು. ಬರದೆ ಏನು? ಮಿಷನ್ ತುಳಿಯುತ್ತ ರೇವಣ್ಣ ದಿನವೂ ಅದನ್ನೇ ಹಾಡುತ್ತಿದ್ದ. ಕಿವಿ ಮುಚ್ಚಿಕೊಳ್ಳಲು ಪುರಸೊತ್ತಿಲ್ಲದವರೆಲ್ಲ ಕಲಿತುಬಿಟ್ಟಿದ್ದರು. ಅವನು ಟೇಪು ಕೊರಳಲ್ಲಿದ್ದಂತೆಯೇ ಬಸ್ಸು ನಿಲ್ಲುವಲ್ಲಿಗೆ ಓಡಿದ.

“ಬುಡನಣ್ಣ, ಬಸ್ಸಿಂದ ಇಳಿದೋರಿಗೆ ಕೇಳಂಗೆ ನನ್ನ ಹಾಡು ಹಾಡಬೇಕು. ಆದ್ರೆ ನಾನು ಹೇಳಿಕೊಟ್ಟೆ ಅನ್ನಬ್ಯಾಡ. ನನ್ನ ಹೆಸರೇ ಎತ್ತಬ್ಯಾಡ. ತಾನಾಗೇ ಬಾಯಿಗೆ ಬಂದಂಗಿರಬೇಕು.”

“ನಾಲಿಗೆ ಕೊಯ್ದ್ರೂ ಹೇಳಲ್ಲ,” ಎಂದ ಕಲಾಯಿ ಬುಡನ್‌ಸಾಬ್, ಪಾತ್ರೆಯ ಮಸಿ ಉಜ್ಜುತ್ತ.

ಪಕ್ಕದಲ್ಲಿ ಮಂಡಕ್ಕಿ ಮಾರುವ ಗಿಡ್ಡಮ್ಮನೂ ತಲೆಯಾಡಿಸಿದಳು. “ನನ್ನ ಬಾಯಿಗೆ ಬೀಗ ಹಾಕ್ಯಂಡಂಗೆ ಅಂತ ತಿಳಕೋ ಮಗಾ.” ಆ ಬಾಯಿಗೆ ಬೀಗ ಬಿದ್ದದ್ದನ್ನು ಊರು ಅದುವರೆಗೆ ಕಂಡಿರಲಿಲ್ಲ.

ಮಧ್ಯಾಹ್ನ ಪೆಟ್ರೋಲ್ ಸಿಗದ ಯುದ್ಧಕಾಲದ ಇದ್ದಿಲು ಬಸ್ಸು ಗೂರಲು ಹಿಡಿದ ಕೋಣದಂತೆ ಕೆಮ್ಮುತ್ತ ಬಂದು ನಿಂತಿತು. ಅದರ ಒಲೆಗೆ ಇದ್ದಿಲು ತುಂಬುವಷ್ಟರಲ್ಲಿ ಪ್ರಕಾಶಕರು ಕೊಡೆ ಊರಿಕೊಂಡು ಇಳಿದರು. ಬುಡನ್‌ಸಾಬ್ ಶುರು ಮಾಡಿದ: ‘ಹೊಳೆಯ ದಾಟೋ ಎತ್ತೇ ಮೆಲ್ಲಗೆ.’ ಗಿಡ್ಡಮ್ಮ ಮುಗಿಸಿದಳು: ‘ಹೊತ್ತು ಮುಳುಗೋ ಮೊದಲು ಮನೆಗೆ.’ ಪ್ರಕಾಶಕರು ನಿಂತರು, ತಲೆದೂಗಿದರು, ಏನೋ ಕೇಳಿದರು. ಅಂಗಡಿಯ ಬಾಗಿಲ ಸಂದಿಯಿಂದ ನೋಡುತ್ತಿದ್ದ ರೇವಣ್ಣನ ಕಣ್ಣು ತುಂಬಿತು.

ಅವರು ಅಂಗಡಿಗೆ ಬಂದಾಗ ಅವನು ಹಾರ್ಮೋನಿಯಂ ಎಳೆದುಕೊಂಡು ಮೊದಲ ಸಾಲು ಹಾಡಿದ. ಎರಡನೆಯದನ್ನು ಪ್ರಕಾಶಕರೇ ಹಾಡಿದರು.

“ಏನ್ರೀ ರೇವಣ್ಣನವರ, ಊರ ಮಂದಿ ಹಾಡನ್ನ ನಿಮ್ಮದಂತ ಕಳಸೀರಲ್ಲ. ನಿಮ್ಮ ಧೈರ್ಯ ದೊಡ್ಡದು ಬಿಡ್ರಿ.”

“ನಂದೇ ಸ್ವಾಮಿ!”

“ಯಾರು ಕಟ್ಟಿದ್ದಂತ ಕಲಾಯಿ ಸಾಬರನ್ನ ಕೇಳಿದೆ. ದೇವರಿಗೇ ಗೊತ್ತು ಅಂದ್ರು. ಆ ಮುದುಕಿ ತನ್ನ ಅಜ್ಜಿ ಹಾಡತಿದ್ಲು ಅಂದ್ಲು.”

ರೇವಣ್ಣ ಗಿಡ್ಡಮ್ಮನನ್ನು ಕೂಗಿ ಕರೆದ. “ನಿಜ ಹೇಳಮ್ಮ. ಇದು ಯಾರ ಹಾಡು?”

ಗಿಡ್ಡಮ್ಮ ಅವನ ಮುಖವನ್ನು ನೋಡಿದಳು. ರೇವಣ್ಣ ತನ್ನ ಬಾಯಿಯ ಬೀಗವನ್ನು ಪರೀಕ್ಷೆ ಮಾಡುತ್ತಿದ್ದಾನೆ, ಅವಳು ಸೋಲುವವಳಲ್ಲ.

“ಇವನದಾ? ಇವ ಹುಟ್ಟಾಕೆ ಮುಂಚೆ ಇದ್ದ ಹಾಡು ಸ್ವಾಮಿ. ಇವನಿಗೆ ಗುಂಡಿ ಹಚ್ಚಾಕೆ ನೆಟ್ಟಗೆ ಬರಲ್ಲ, ಹಾಡು ಕಟ್ತಾನಾ?”

ಬಸ್ಸು ಹಾರ್ನ್ ಹೊಡೆಯಿತು. ಪ್ರಕಾಶಕರು ಎದ್ದರು. “ಹಾಡು ಮಾತ್ರ ಭಾಳ ಚಲೋ ಐತಿ. ಅಚ್ಚು ಹಾಕತೀನಿ, ‘ಹಳೆಯ ಹಾಡು, ಕಟ್ಟಿದವರು ಗೊತ್ತಿಲ್ಲ’ ಅಂತ. ಇಂಥಾವು ಇನ್ನೂ ಇದ್ರ ಮುದುಕೀನ ಕೇಳಿ ಬರದು ಕಳಸ್ರಿ. ನಿಮ್ಮ ಅಕ್ಷರ ಚಂದ ಅದಾವ.”

ಬಸ್ಸು ಹೋದ ಮೇಲೆ ಗಿಡ್ಡಮ್ಮ ಮಡಿಲಲ್ಲಿ ಮಂಡಕ್ಕಿ ತಂದಳು.

“ಅಚ್ಚಾಗತೈತಂತಲ್ಲ ಮಗಾ. ನಿನ್ನ ಹೆಸರು ನಾಲಿಗೆ ತುದಿಗೆ ಬಂದಿತ್ತು ನೋಡು. ನುಂಗಿಬಿಟ್ಟೆ.”

ರೇವಣ್ಣ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಗೌಡರ ಕೋಟಿನ ಇನ್ನೊಂದು ತೋಳನ್ನೂ ಗೇಣು ಮೇಲಕ್ಕೆ ಕತ್ತರಿಸಿ ಸಮ ಮಾಡಿದ.