ಚೆಂಡು ಮುಟ್ಟದ ಆಟಗಾರ

ನನಗೆ ಗೊತ್ತಿರುವ ಒಬ್ಬ ಫುಟ್‌ಬಾಲ್ ಆಟಗಾರ ಇಷ್ಟು ವರ್ಷಗಳ ಆಟದಲ್ಲಿ ಒಂದು ಸಲವೂ ಚೆಂಡು ಮುಟ್ಟಿಲ್ಲ! ಇದು ನನ್ನ ಆರೋಪವಲ್ಲ, ಅವನೇ ನಗುನಗುತ್ತಾ ಹೇಳಿದ್ದು. ಅಡುಗೆಭಟ್ಟನೊಬ್ಬ ಬಂದು "ನಾನು ಇದುವರೆಗೂ ಒಲೆ ಹಚ್ಚಿಲ್ಲ" ಅಂದರೆ ನೀವು ಅವನನ್ನು ಮದುವೆಗೆ ಗೊತ್ತುಮಾಡುತ್ತೀರಾ? ನಾನಾದರೋ ಇವನ ಕೈಗೆ ಮಗಳನ್ನೇ ಒಪ್ಪಿಸಬೇಕಾಗಿತ್ತು.

ಆಗ ನಾವು ಸ್ವೀಡನ್ನಿನ ಮಾಲ್ಮೋದಲ್ಲಿದ್ದೆವು. ಸಮುದ್ರದಾಚೆಯ ಡೆನ್ಮಾರ್ಕಿಗೆ ಸೇತುವೆ ತೆರೆದು ಕೆಲವೇ ವರ್ಷವಾಗಿತ್ತು. ಮದುವೆಯಾಗಿ ಬಂದಾಗಿನಿಂದ ಅರ್ಜಿ ಹಾಕುತ್ತಲೇ ಇದ್ದ ನನ್ನ ಹೆಂಡತಿಗೆ ಕೊನೆಗೂ ಕೋಪನ್‌ಹೇಗನ್‌ನಲ್ಲಿ ಕೆಲಸ ಸಿಕ್ಕಿತ್ತು. ಮಗಳು ಡಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ, ಹೊಂದಿಕೊಂಡರೆ ಇವಳು ಕೆಲಸಕ್ಕೆ ಹೋಗಬಹುದು. ಬಿಡಿಸಿದೆವೋ, ಕೊಮ್ಯೂನ್‌ನ, ಅಂದರೆ ನಗರಸಭೆಯ, ಸರದಿಯಲ್ಲಿ ಮತ್ತೆ ಕೊನೆಗೆ ನಿಲ್ಲಬೇಕು, ಕೆಲಸ ಬೇರೆಯವರ ಪಾಲಾಗುತ್ತದೆ.

ಸ್ವೀಡನ್ನಿನಲ್ಲಿ ಮಗುವನ್ನು ಬಾಗಿಲಲ್ಲಿ ಬಿಟ್ಟು ಓಡಿಬರುವಂತಿಲ್ಲ. ಮೊದಲ ಎರಡು ವಾರ ಅಪ್ಪನೋ ಅಮ್ಮನೋ ಜೊತೆಗೇ ಕೂತು ಅಭ್ಯಾಸ ಮಾಡಿಸಬೇಕು. ನಾನು ರಜೆ ಹಾಕಿ ಹೋದೆ. ಮೊದಲ ದಿನವೇ ಇವನು ಕಣ್ಣಿಗೆ ಬಿದ್ದ. ಬೀಳದೆ ಏನು, ಬಾಗಿಲಿನಷ್ಟು ಅಗಲವಿದ್ದ! ಮಕ್ಕಳ ಕುರ್ಚಿಯ ಮೇಲೆ ಕೂತು ಕತ್ತರಿಯಲ್ಲಿ ಕಾಗದದ ಹೂವು ಕತ್ತರಿಸುತ್ತಿದ್ದ. ಕುರ್ಚಿಯಂತೂ ಕಾಣಿಸುತ್ತಿರಲಿಲ್ಲ. ಇಂಥವನಿಗೆ ಇಂಥ ಜಾಗದಲ್ಲಿ ಏನು ಕೆಲಸ? ನನಗೆ ಅನುಮಾನ ಶುರುವಾಯಿತು.

ಫಿಕಾ ಎಂಬ ಕಾಫಿ ವಿರಾಮದಲ್ಲಿ ಲೋಟ ಹಿಡಿದು ಪಕ್ಕದಲ್ಲಿ ಕೂತೆ. ಆಫೀಸಿನಲ್ಲಿ ಎಷ್ಟೋ ಜನರ ಇಂಟರ್‌ವ್ಯೂ ಮಾಡಿದ ಕೈ ನನ್ನದು.

"ಇಲ್ಲಿಗೆ ಬರೋ ಮುಂಚೆ?"

"ಕೆನಡಾ. ಅಲ್ಲೇ ಹುಟ್ಟಿದ್ದು. ಯೂನಿವರ್ಸಿಟಿ ಟೀಮ್‌ನಲ್ಲಿ ಆಡ್ತಿದ್ದೆ. ಆಮೇಲೆ ಅಲ್ಲಿನ ದೊಡ್ಡ ಲೀಗ್‌ನ ಟೀಮೊಂದು ನನ್ನ ತಗೊಳ್ತು."

"ಅದನ್ನ ಯಾಕೆ ಬಿಟ್ಟೆ?"

"ನಾನು ಬಿಡಲಿಲ್ಲ. ಅವರು ಬಿಟ್ಟರು."

"ಆಮೇಲೆ?"

"ಅಮೆರಿಕದ ಟೀಮೊಂದು ಕ್ಯಾಂಪ್‌ಗೆ ಕರೀತು. ಬೇಸಿಗೆ ಮುಗಿಯೋ ಮೊದಲೇ ಬ್ಯಾಗ್ ಕಟ್ಟು ಅಂದರು. ವಾಪಸ್ ಕೆನಡಾ, ಇನ್ನೊಂದು ಟೀಮ್. ಮಂಡಿ ಹೋಯ್ತು. ಅವರೂ ಬಿಟ್ಟರು."

ಈಗ ಮಾಲ್ಮೋದ ಸಣ್ಣದೊಂದು ಕ್ಲಬ್ಬು ಅವನಿಗೆ ಒಂದು ಕೋಣೆ ಕೊಟ್ಟು ಕರೆಸಿಕೊಂಡಿತ್ತು. ಸಂಜೆ ಆಟ, ಹಗಲು ಡಾಗಿಸ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಹೋದ ಕಡೆಯಿಂದೆಲ್ಲ ಕಳಿಸಿಕೊಂಡವನು! ಇಂಥ ರೆಸ್ಯೂಮೆ ನನ್ನ ಮೇಜಿಗೆ ಬಂದಿದ್ದರೆ ಎರಡನೆಯ ಪುಟ ತಿರುಗಿಸುತ್ತಿರಲಿಲ್ಲ.

"ಆಟದಲ್ಲಿ ನಿನ್ನ ಕೆಲಸ ಏನು?"

"ನಮ್ಮದು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಕೈಯಲ್ಲಿ ಎಸೆಯೋ ಅಮೆರಿಕನ್ ಫುಟ್‌ಬಾಲ್. ಚೆಂಡು ಎಸೆಯೋನನ್ನ ಬೀಳಿಸೋಕೆ ಬರ್ತಾರಲ್ಲ, ಅವರಿಗೆ ಅಡ್ಡ ನಿಲ್ಲೋದು."

"ಅಷ್ಟೇನಾ?"

"ಅಷ್ಟೇ. ಅದೇ ಕಷ್ಟ."

ಅಡ್ಡ ನಿಲ್ಲುವುದಕ್ಕೆ ಕೆನಡಾದಿಂದ ಜನ ಬೇಕೆ? ನಮ್ಮೂರ ಬಸ್ಸಿನ ಬಾಗಿಲಲ್ಲಿ ಎಷ್ಟು ಜನ ಇಲ್ಲ!

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಮಾರನೆಯ ದಿನ ಅವನಿಗೊಂದು ಡಬ್ಬ ಚಿತ್ರಾನ್ನ ಕಳಿಸಿದಳು. ನನ್ನ ಎದುರೇ ಅವನು ಅದನ್ನು ಖಾಲಿ ಮಾಡಿದ. ಒಗ್ಗರಣೆಯ ಮೆಣಸಿನಕಾಯಿಯನ್ನೂ ಬಿಡಲಿಲ್ಲ. ಬೆವರಿದ, ಕೆಮ್ಮಿದ, ಇನ್ನೂ ಇದೆಯಾ ಎಂದು ಕೇಳಿದ. ಊಟಕ್ಕೋಸ್ಕರವೇ ಡಾಗಿಸ್ ಸೇರಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಮಕ್ಕಳು ಬಿಟ್ಟ ಗಂಜಿಯೆಲ್ಲ ಎಲ್ಲಿ ಹೋಗುತ್ತಿತ್ತೆಂದು ಬೇರೆ ಹೇಳಬೇಕೆ?

"ಡಬ್ಬ ತೊಳೆದು ಒರೆಸಿ ಕಳಿಸಿದ್ದಾರಲ್ರೀ," ಅಂದಳು ಹೆಂಡತಿ. "ಇಂಥವರ ಮೇಲೆ ಏನು ಅನುಮಾನ ನಿಮಗೆ?"

"ಒಂದು ಡಬ್ಬ ತೊಳೆದ್ರೆ ಒಳ್ಳೆಯವನಾಗಿಬಿಡ್ತಾನಾ?"

"ಗೊತ್ತಿಲ್ಲ. ಈ ಮನೇಲಿ ಇನ್ನೂ ಯಾರೂ ತೊಳೆದು ನೋಡಿಲ್ಲ."

ಆಟಗಾರ ಅನ್ನುವುದಾದರೂ ನಿಜವೇ ಎಂದು ನೋಡಲು ಆ ಶನಿವಾರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನಕ್ಕೇ ಹೋದೆ. ಎಲ್ಲರ ತಲೆಗೂ ಹೆಲ್ಮೆಟ್ಟು. ಅಗಲ ನೋಡಿ ಇವನನ್ನು ಗುರುತು ಹಿಡಿದೆ. ಒಂದು ಸೀಟಿ, ಎದುರಿನವನಿಗೆ ಡಿಕ್ಕಿ, ರಾಶಿಯಾಗಿ ಬೀಳುವುದು, ಏಳುವುದು. ಮತ್ತೆ ಸೀಟಿ, ಮತ್ತೆ ಡಿಕ್ಕಿ. ಚೆಂಡು ಮಾತ್ರ ಊರೆಲ್ಲ ಸುತ್ತುತ್ತಿತ್ತು, ಇವನ ಹತ್ತಿರ ಸುಳಿಯಲಿಲ್ಲ.

"ಅಪ್ಪಾ, ಅವರು ಬಿದ್ರು," ಅಂದಳು ಮಗಳು ಗಾಬರಿಯಿಂದ. ಎದ್ದಾಗ ಚಪ್ಪಾಳೆ ತಟ್ಟಿದಳು. ಇಡೀ ಮೈದಾನದಲ್ಲಿ ಅವನಿಗೆ ಬಿದ್ದ ಚಪ್ಪಾಳೆ ಅದೊಂದೇ.

ಧ್ವನಿವರ್ಧಕದಲ್ಲಿ ಅವನ ಹೆಸರು ಕೊನೆಗೂ ಬಂತು, ತಪ್ಪು ಮಾಡಿದ್ದಕ್ಕೆ! ಯಾರದ್ದೋ ಅಂಗಿ ಹಿಡಿದು ಎಳೆದನಂತೆ. ಪಕ್ಕದಲ್ಲಿ ಆಟ ನೋಡುತ್ತಿದ್ದ ಮುದುಕರೊಬ್ಬರು ನನ್ನನ್ನು ಸಮಾಧಾನಪಡಿಸಿದರು. ಅವನ ಜಾಗದಲ್ಲಿ ಆಡುವವರ ಹೆಸರು ಕೇಳಿಸದಿದ್ದರೆ ಚೆನ್ನಾಗಿ ಆಡಿದ ಹಾಗಂತೆ. ಹಾಗಿದ್ದರೆ ಚೆನ್ನಾಗಿ ಆಡಿದ್ದಕ್ಕೂ ಮನೆಯಲ್ಲಿ ಮಲಗಿದ್ದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ಎರಡನೆಯ ವಾರವೂ ಕಾವಲು ಕೂತೆ. ಮಗಳು ಅವನ ಕಾಲಿಗೆ ಜೋತುಬೀಳುವುದನ್ನು ಕಲಿತಳು, ಅದೂ ನನಗೆ ಹಿಡಿಸಲಿಲ್ಲ. "ಕೊನೇ ದಿನ ಅವಳು ಅತ್ತರೆ ವಾಪಸ್ ಕರ್ಕೊಂಡು ಬರ್ತೀನಿ, ಮತ್ತೆ ಕಳಿಸಲ್ಲ," ಎಂದು ಹೆಂಡತಿಗೆ ಹೇಳಿಬಿಟ್ಟೆ. ಅವಳು ಸೋಮವಾರ ಕೆಲಸಕ್ಕೆ ಸೇರಲೆಂದು ತಂದಿದ್ದ ಹೊಸ ಅಂಗಿಯನ್ನು ಇಸ್ತ್ರಿ ಮಾಡುತ್ತಿದ್ದಳು, ಮಾಡುತ್ತಲೇ ಇದ್ದಳು.

ಶುಕ್ರವಾರ ಬಂತು. ಅಪ್ಪ ಟಾಟಾ ಹೇಳಿ ನಿಜವಾಗಿಯೂ ಹೊರಟುಹೋಗಬೇಕಾದ ದಿನ. ಹೇಳಿದೆ. ಮಗಳು ಮರಳಿನ ಬಕೆಟ್ಟಿನಿಂದ ತಲೆ ಕೂಡ ಎತ್ತದೆ "ಹೇ ದೋ" ಅಂದಳು. ಸ್ವೀಡಿಷಿನಲ್ಲಿ ಟಾಟಾ! ಅವಳು ಅಳುತ್ತಾಳೆಂದು ಸಜ್ಜಾಗಿ ಬಂದಿದ್ದೆ, ಇದಕ್ಕೆ ಸಜ್ಜಾಗಿರಲಿಲ್ಲ.

ಹೊರಗಿನ ಪಡಸಾಲೆಯಲ್ಲಿ ಪುಟ್ಟ ಪುಟ್ಟ ಮಳೆಬೂಟುಗಳು ಸಾಲಾಗಿದ್ದವು. ಅವಳದನ್ನು ನೇರ ಮಾಡಿಡಲು ಬಗ್ಗಿದವನು ಅಳು ಬಂದು ಅಲ್ಲೇ ಕೂತುಬಿಟ್ಟೆ. ಮೇಲೇಳಲು ಆಗಲಿಲ್ಲ. ನಡುವೆ ಇದ್ದದ್ದು ಗಾಜಿನ ಬಾಗಿಲು. ಈಗ ಅವಳು ತಿರುಗಿ ನನ್ನ ಮುಖ ನೋಡಿದರೆ ಎಲ್ಲ ಮುಗಿಯಿತು, ಅವಳೂ ಅಳುತ್ತಾಳೆ, ನಾನು ಎತ್ತಿಕೊಂಡು ಮನೆಗೆ ಹೋಗುತ್ತೇನೆ, ಆ ಅಂಗಿ ಬೀರುವಿಗೆ ಹೋಗುತ್ತದೆ.

ಒಳಗೆ ಮಕ್ಕಳ ನಡುವೆ ಇದ್ದ ಆಟಗಾರ ನನ್ನನ್ನು ನೋಡಿದ. ಹೊರಗೆ ಬಂದು ಬಾಗಿಲೆಳೆದುಕೊಂಡ. ಏನೂ ಕೇಳದೆ ಗಾಜಿಗೆ ಮುಖ ಮಾಡಿ, ಕಾಲು ಅಗಲಿಸಿ ನಿಂತುಬಿಟ್ಟ. ಗಾಜು ಪೂರ್ತಿ ಮುಚ್ಚಿಹೋಯಿತು.

"ಅವಳು ನೋಡಿದ್ಲಾ?" ಎಂದೆ.

"ಇಲ್ಲ. ನಿಂಗೆ ಎಷ್ಟು ಹೊತ್ತು ಬೇಕೋ ತಗೋ."

ನಾನು ಆ ಬೂಟು ಹಿಡಿದುಕೊಂಡು ಅವನ ಬೆನ್ನ ಹಿಂದೆ ಕೂತು ಅತ್ತೆ. ನನ್ನ ಹೆಣ್ಣುಮಗು ದೊಡ್ಡವಳಾಗಲು ಹೊರಟಿದ್ದಾಳೆ ಎಂದು ಅತ್ತೆ, ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ಮೂಗೊರೆಸಿಕೊಂಡು ಹೆಂಡತಿಗೆ ಫೋನ್ ಮಾಡಿದೆ.

"ಸೋಮವಾರ ನೀನು ಹೊರಡು," ಅಂದೆ. "ಇಲ್ಲಿ ಇವರಿದಾರೆ."