ಜಾಲರಿಯಿಲ್ಲದ ಹೂರಣದ ಯಂತ್ರ

ಪುಣೆಯ ವಸುಂಧರಾ ವಸತಿ ಸಹಕಾರ ಸಂಘದಲ್ಲಿ ಹೋಳಿ ಹುಣ್ಣಿಮೆಯ ನೈವೇದ್ಯದ ಹೂರಣವನ್ನು ಸಂಘದ ಹಿತ್ತಾಳೆ ಯಂತ್ರದ ಮೂಲಕವೇ ಹಾಯಿಸತಕ್ಕದ್ದು. ಸ್ಥಾಪಕ ಅಧ್ಯಕ್ಷರು ತೀರಿಹೋದ ಪತ್ನಿಯ ಹೆಸರು ಕೆತ್ತಿಸಿ ಕೊಟ್ಟ ಯಂತ್ರವಾದ್ದರಿಂದ, ಅದನ್ನು ಗುಜರಿಗೆ ಹಾಕುವುದೆಂದರೆ ಆ ಸಾಧ್ವಿಯನ್ನೇ ಹಾಕಿದಂತೆ. ಯಂತ್ರಕ್ಕೆ ಮೂರು ಕಾಲು. ಮೂರಕ್ಕೂ ಬೇರೆ ಬೇರೆ ಅಭಿಪ್ರಾಯ. ಹಿಡಿ ತಿರುಗಿಸಿದರೆ ಬೆಂದ ಬೇಳೆ ತಳದ ಜಾಲರಿಯಿಂದ ಕೆಳಗಿಳಿಯುವ ಬದಲು ಮೇಲೇರುತ್ತದೆ.

ಈ ವರ್ಷದ ಸರದಿ ಕೇತಕರ್ ಮನೆಯದು. ಅತ್ತೆ ವತ್ಸಲಾಬಾಯಿ ಇದಕ್ಕಾಗಿ ಎಷ್ಟೋ ಹೋಳಿ ಕಾದಿದ್ದರು. ಹೊತ್ತು ಮುಳುಗುವುದರೊಳಗೆ ನೈವೇದ್ಯ ಸಿದ್ಧವಾಗದಿದ್ದರೆ ಸರದಿ ಕೆಳಮನೆಯ ಭಿಡೆಯವರಿಗೆ ಹೋಗುತ್ತದೆ. ಸಂಜೆಯಾಗುತ್ತ ಬಂದರೂ ಸೊಸೆ ಮೃದುಲಾಳಿಗೆ ದಕ್ಕಿದ್ದು ಒಂದು ಬಟ್ಟಲು ಹೂರಣ, ಅಂಗೈ ತುಂಬ ಬೊಕ್ಕೆ. ಸಂಘದ ಕಾರ್ಯದರ್ಶಿ ಆಗಾಶೆಯವರನ್ನು ಕರೆಸಿದಳು.

"ಕಾಕಾ, ಮಿಕ್ಸರಿಗೆ ಹಾಕಿಬಿಡ್ಲಾ?"

"ನಿಯಮದಲ್ಲಿ ಮಿಕ್ಸರ್ ಇಲ್ಲಮ್ಮ."

"ನಿಯಮ ಮಾಡಿದಾಗ ಯಾರ ಮನೇಲೂ ಇರ್ಲಿಲ್ಲ."

"ನೋಡು, ಎಂಥಾ ದೂರಾಲೋಚನೆ!"

ಅಷ್ಟರಲ್ಲಿ ಮಾಲತಿ ಭಿಡೆ ಮುಚ್ಚಿದ ಹೋಳಿಗೆ ತಟ್ಟೆಯೊಂದಿಗೆ ಬಾಗಿಲಲ್ಲಿ ನಿಂತಿದ್ದರು. "ಆಗದಿದ್ರೆ ಸಂಕೋಚ ಬೇಡ, ವತ್ಸಲಾತಾಯಿ. ನಮ್ಮ ಪೋಳಿ ಆಗ್ಲೇ ತಯಾರು."

"ಯಂತ್ರ ಬೆಳಗಿಂದ ನನ್ನ ಕೈಲಿದೆ. ನಿಮ್ಮ ಹೂರಣ ಹೇಗೆ ತಯಾರಾಯ್ತು, ಮಾವಶಿ?" ಎಂದಳು ಮೃದುಲಾ.

"ಹಿರಿಯರನ್ನ ಪ್ರಶ್ನೆ ಕೇಳೋದು ತವರಲ್ಲಿ ಕಲಿಸಿದ್ದಾ?"

ಅಡುಗೆಮನೆಯಲ್ಲಿಯೇ ತುರ್ತು ಸಭೆ ಕೂಡಿತು. ಒಬ್ಬೊಬ್ಬ ಸದಸ್ಯರು ಒಂದೊಂದು ಕಾಲು ಹಿಡಿದರು. ಅಧ್ಯಕ್ಷ ಜೋಗಳೇಕರರು ತಿರುಗಿಸಿದರು. ಹಿಡಿಯು ಕಳಚಿ ಅಧ್ಯಕ್ಷರ ವಶಕ್ಕೆ ಬಂದಿತು.

ಆಗಾಶೆಯವರು ಯಂತ್ರವನ್ನು ದೀಪದ ಕೆಳಗೆ ತಿರುವಿ ತಿರುವಿ ನೋಡಿದರು. ದಿವಂಗತರ ಹೆಸರು ಮೇಲಿನ ಬಳೆಯ ಮೇಲಿತ್ತು, ಜಾಲರಿಯ ಮೇಲಿರಲಿಲ್ಲ. ನಿರ್ಣಯವನ್ನು ನಿಂತೇ ಓದಿದರು: "ಹೆಸರಿರುವುದು ಯಂತ್ರ, ಹೆಸರಿಲ್ಲದ್ದು ಬಿಡಿಭಾಗ. ಬಿಡಿಭಾಗ ತೆಗೆದ ಮಾತ್ರಕ್ಕೆ ಯಂತ್ರಕ್ಕೆ ಚ್ಯುತಿಯಿಲ್ಲ. ಯಂತ್ರಕ್ಕೆ ಬರುವ ಮುನ್ನ ಹೂರಣ ಎಲ್ಲಿತ್ತೆಂಬುದು ಗೃಹಕೃತ್ಯ. ಸಮಿತಿಯ ವ್ಯಾಪ್ತಿಗೆ ಸೇರದು."

ಜಾಲರಿ ಕಳಚಲಾಯಿತು. ಮೃದುಲಾ ಮಿಕ್ಸರ್ ಹಾಕಿದಳು. ಅದು ಭೋರ್ಗರೆಯುವಷ್ಟು ಹೊತ್ತೂ ಸದಸ್ಯರು ಕಿಟಕಿಯ ಕಡೆ ತಿರುಗಿ ನಲ್ಲಿ ನೀರಿನ ಬಗ್ಗೆ ಗಟ್ಟಿಯಾಗಿ ಚರ್ಚಿಸಿದರು. ಬಳಿಕ ನುಣ್ಣನೆಯ ಹೂರಣವನ್ನು ಮೇಲಿನಿಂದ ಸುರಿದಾಗ, ಅದು ಎಲ್ಲಿಯೂ ತಡೆಯದೆ ದೊಪ್ಪನೆ ತಟ್ಟೆಗೆ ಬಿತ್ತು. ಸಮಿತಿ ಚಪ್ಪಾಳೆ ತಟ್ಟಿತು. ಮಾಲತಿ ಭಿಡೆಯೂ ತಟ್ಟಿದರು.

ಹೋಳಿ ಹೊತ್ತಿತು. ವತ್ಸಲಾಬಾಯಿ ನೈವೇದ್ಯವನ್ನು ಬೆಂಕಿಗೆ ಅರ್ಪಿಸಿ ಕಣ್ಣೊರೆಸಿಕೊಂಡರು.

ಆಗಾಶೆಯವರು ಪೋಳಿ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿ ಕೇತಕರ್ ಸೊಸೆಯನ್ನು ಕೇಳಿದರು: "ಹೇಳು ಸೂನ್‌ಬಾಯಿ, ಮಿಕ್ಸರಲ್ಲಿ ಮಾಡಿದ್ರೆ ಈ ಹದ ಬರ್ತಿತ್ತಾ?"

"ಎಲ್ಲಿ ಬರುತ್ತೆ, ಕಾಕಾ," ಎಂದು ಮೃದುಲಾ ಇನ್ನಷ್ಟು ತುಪ್ಪ ಬಡಿಸಿದಳು.